ಅತ್ತೆ ಚೆಲ್ಲಿದ ಸೋಜು

ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಯಾರೇ ಬರಲಿ, ಅತ್ತೆಯ ಷರತ್ತು ಒಂದೇ. ಅವರು ಜಾತಿ ಕೇಳುತ್ತಿರಲಿಲ್ಲ, ಮಾಂಸ ಬೇಯಿಸುತ್ತೀರಾ ಎಂದೂ ಕೇಳುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, "ಮನ್ಯಾಗ ಬಾಟ್ಲಿ ಬರಬಾರದು ನೋಡ್ರಿ. ಬಂತಂದ್ರ ಅವತ್ತೇ ನಿಮ್ಮ ಸಾಮಾನು ರೋಡಿಗೆ," ಎಂದು ಹೇಳಿಬಿಡುತ್ತಿದ್ದರು. ತೋರಣಗಲ್ಲಿನ ಕಾರ್ಖಾನೆಗೆ ಹೋಗಿಬರಲು ಹೊಸಪೇಟೆಯಲ್ಲಿ ಮನೆ ಹುಡುಕುವ ಹುಡುಗರಲ್ಲಿ ಅರ್ಧ ಜನ ಅಲ್ಲಿಂದಲೇ ವಾಪಸು ಹೋಗುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆದರೆ ಅತ್ತೆಗೆ ಎದುರಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹೈಸ್ಕೂಲಿನಲ್ಲಿ ದಿನವಿಡೀ ಮಕ್ಕಳನ್ನು ಗದರಿಸಿ ಬರುವ ನನಗಂತೂ ಮನೆಯ ಹೊಸಿಲು ದಾಟಿದರೆ ದನಿಯೇ ಏಳುವುದಿಲ್ಲ.

ಆ ಷರತ್ತಿಗೆ ಕಾರಣ ನಾನು ಕಣ್ಣಾರೆ ಕಾಣದ ನನ್ನ ಮಾವ. ಅವರು ಸಂಡೂರಿನ ಗುಡ್ಡದಲ್ಲಿ ಲಾರಿಗೆ ಅದಿರು ತುಂಬುವ ಕೆಲಸ ಮಾಡುತ್ತಿದ್ದರಂತೆ. ಸಂಬಳದ ದಿನ ಸಾರಾಯಿ ಅಂಗಡಿಯಲ್ಲಿ ಕೂತು, ಕತ್ತಲಾದ ಮೇಲೆ ಮಗನಿಗೊಂದು ಮಂಡಕ್ಕಿ ಪೊಟ್ಟಣ ಹಿಡಿದು ನಗುತ್ತಾ ಬರುತ್ತಿದ್ದರಂತೆ. ಆ ನಗುವನ್ನು ಅತ್ತೆ ಇವತ್ತಿಗೂ ಕ್ಷಮಿಸಿಲ್ಲ. "ಹೊಡದಿದ್ರ ನಾನೂ ಒಂದು ತಿರುಗಿ ಕೊಡ್ತಿದ್ದೆ. ನಕ್ಕೋತ ಬರೋರಿಗೆ ಏನ್ ಮಾಡ್ಲಿ?" ಅನ್ನುತ್ತಾರೆ. ನನ್ನ ಗಂಡ ಇನ್ನೂ ಶಾಲೆಯಲ್ಲಿದ್ದಾಗಲೇ ಮಾವನ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ಆ ನಗು ನಿಂತುಹೋಯಿತು.

ಮಹಾಲಯ ಅಮಾವಾಸ್ಯೆಯನ್ನು ನಮ್ಮಲ್ಲಿ ಹಿರಿಯರ ಹಬ್ಬ ಅನ್ನುತ್ತೇವೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಎಡೆ ಇಟ್ಟು, ಅವರು ಬಂದು ಉಂಡು ಹೋಗಲೆಂದು ಬಾಗಿಲು ಎಳೆದುಕೊಂಡು ಹೊರಗೆ ಕೂರುವುದು ವಾಡಿಕೆ. ಅತ್ತೆ ಮಾವನಿಗೆ ಹೋಳಿಗೆ ಇಡುತ್ತಾರೆ, ಕೋಳಿ ಸಾರು ಇಡುತ್ತಾರೆ, ಬೀಡಿ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಮರೆಯದೆ ಇಡುತ್ತಾರೆ. ಓಣಿಯ ಬೇರೆ ಮನೆಗಳಲ್ಲಿ ಕುಡಿಯುತ್ತಿದ್ದ ಹಿರಿಯರ ಎಲೆಯ ಪಕ್ಕ ಒಂದು ಕ್ವಾರ್ಟರ್ ಬಾಟಲಿ ಇರುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಸ್ಟೀಲಿನ ಲೋಟದ ತುಂಬ ನೀರು. "ಇಲ್ಲಿ ಕುಡಿದಿದ್ದು ಸಾಕು. ಅಲ್ಲಾದ್ರೂ ನೀರು ಕುಡೀಲಿ," ಎಂದು ಅತ್ತೆ ಲೋಟವನ್ನು ಕುಕ್ಕಿ ಇಡುವ ಸದ್ದು ಹೊರಗೆ ಕೂತ ನಮಗೆಲ್ಲ ಕೇಳುತ್ತದೆ.

ಇಂಥ ಮನೆಗೆ ನನ್ನ ಗಂಡ ಒಂದು ವರ್ಷ ಇಬ್ಬರು ಪರದೇಶದವರನ್ನು ಬಾಡಿಗೆಗೆ ಕರೆತಂದರು. ನಮ್ಮವರು ಕೆಲಸ ಮಾಡುವ ತೋರಣಗಲ್ಲಿನ ಕಾರ್ಖಾನೆಯಲ್ಲಿ ಹೊಸ ಕುಲುಮೆ ಕೂರಿಸಲು ಬಂದ ಎಂಜಿನಿಯರುಗಳು ಇವರು. ಒಬ್ಬರು ಜಪಾನಿನವರು, ನಿವೃತ್ತಿಯ ವಯಸ್ಸಿನ ತೆಳ್ಳಗಿನ ಹಿರಿಯರು. ಇನ್ನೊಬ್ಬ ಕೊರಿಯಾದ ಹುಡುಗ, ಹುಡುಗನೆಂದರೆ ನನ್ನ ತಮ್ಮನ ವಯಸ್ಸು. ಅತ್ತೆ ಎಂದಿನಂತೆ ಷರತ್ತು ಹೇಳಿದರು, ನಮ್ಮವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು, ಇಬ್ಬರೂ ಸೊಂಟ ಬಗ್ಗಿಸಿ ಒಪ್ಪಿಕೊಂಡರು. ಅಷ್ಟು ಬಗ್ಗಿ ಮಾತು ಕೇಳಿದ ಬಾಡಿಗೆದಾರರನ್ನು ಅತ್ತೆ ಕಂಡಿರಲಿಲ್ಲ. ಹಿರಿಯರನ್ನು "ಸಾಹೇಬ್ರು" ಎಂದೂ ಹುಡುಗನನ್ನು "ತಮ್ಮಾ" ಎಂದೂ ಕರೆಯತೊಡಗಿದರು. ವಾರ ಕಳೆಯುವುದರೊಳಗೆ ಮಹಡಿಗೆ ರೊಟ್ಟಿ, ಶೇಂಗಾ ಚಟ್ನಿ ಹೋಗತೊಡಗಿದವು.

ಸಾಹೇಬರ ಪೆಟ್ಟಿಗೆಯಲ್ಲಿ ಊರಿನಿಂದ ತಂದ ಎರಡು ಬಾಟಲಿಗಳಿದ್ದವು. ಅದನ್ನವರು ಮೊದಲ ದಿನವೇ ನಮ್ಮವರಿಗೆ ಹೇಳಿ, ಏನು ಮಾಡಲಿ ಎಂದು ಕೇಳಿದರು. ನಮ್ಮವರು ತಲೆ ಓಡಿಸಿ, ಷರತ್ತು ಇರುವುದು ಮನೆಗೆ, ಗದ್ದೆಗಲ್ಲ ಎಂದು ತೀರ್ಪು ಕೊಟ್ಟರು. ಬುಕ್ಕಸಾಗರದಲ್ಲಿ ನಮ್ಮದೊಂದು ತುಂಡು ಭತ್ತದ ಗದ್ದೆ ಇದೆ, ಅದರ ಮೂಲೆಯಲ್ಲಿ ಪಂಪಿನ ಶೆಡ್ಡು. ಬಾಟಲಿಗಳು ಅಲ್ಲಿ ಗೊಬ್ಬರದ ಚೀಲಗಳ ಹಿಂದೆ ವಾಸಕ್ಕೆ ಹೋದವು. ಆಮೇಲೆ ನಮ್ಮವರಿಗೆ ಭಾನುವಾರ ಬಂತೆಂದರೆ ಗದ್ದೆಯ ಕಾಳಜಿ ಹುಟ್ಟತೊಡಗಿತು.

ಒಂದು ಭಾನುವಾರ ನಾನೂ ಹೊರಟೆ. ಮಿರ್ಚಿ ಬಜ್ಜಿ, ಒಗ್ಗರಣೆ ಮಂಡಕ್ಕಿ, ಒಂದು ಥರ್ಮಾಸ್ ಬಿಸಿನೀರು ಕಟ್ಟಿಕೊಂಡು ಹೋದೆವು. ಸಾಹೇಬರ ಬಾಟಲಿಯಲ್ಲಿದ್ದದ್ದು ಶೋಚು. ಹುಡುಗ ಬೆಂಗಳೂರಿನಿಂದ ಬರುವ ಸಹೋದ್ಯೋಗಿಯ ಕೈಲಿ ತರಿಸಿದ ಹಸಿರು ಬಾಟಲಿಯಲ್ಲಿದ್ದದ್ದು ಸೋಜು. ಎರಡೂ ನೋಡಲು ನೀರಿನಂತೆಯೇ. ಎರಡು ಹೆಸರಿಗೂ ಸುಟ್ಟ ಮದ್ಯ ಎಂಬ ಒಂದೇ ಅರ್ಥವಂತೆ, ಬೆಂಕಿಯ ಮೇಲೆ ಕಾಸಿ ಇಳಿಸಿದ್ದು ಎಂದು. ನಾನು ಎರಡನ್ನೂ ಕುಡಿದು ನೋಡಿದೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಅತ್ತೆಯಿಂದ ಒಂದು ಬಿಟ್ಟು.

ಸಾಹೇಬರು ಲೋಟಕ್ಕೆ ಮೊದಲು ಬಿಸಿನೀರು ಹಾಕಿ, ಅದರ ಮೇಲೆ ಶೋಚು ಸುರಿದರು. ಮೊದಲು ನೀರು, ಆಮೇಲೆ ಶೋಚು, ಅದು ತಪ್ಪಬಾರದು. ಹಾಗೆ ಹಾಕಿದರೆ ಕಲಕುವ ಕೆಲಸವಿಲ್ಲ, ತಾನೇ ಇಳಿದು ಬೆರೆಯುತ್ತದೆ, ಘಮ ಮೇಲೇಳುತ್ತದೆ. ಮೂಗಿಗೆ ಹಿಡಿದರೆ ಅನ್ನ ಕುದಿಯುವಾಗ ಮುಚ್ಚಳ ತೆಗೆದಂತೆ. ಅವರ ಊರಲ್ಲಿ ಬೆಂದ ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಸಾಕಿ ಬೆಳೆಸಿ, ಅದರಿಂದ ಹುಳಿ ಬರಿಸಿ, ಒಂದೇ ಸಲ ಇಳಿಸುತ್ತಾರಂತೆ. ಒಂದೇ ಸಲ ಇಳಿಸುವುದರಿಂದ ಅಕ್ಕಿಯದು ಅಕ್ಕಿಯ ವಾಸನೆ, ಗೆಣಸಿನದು ಗೆಣಸಿನ ವಾಸನೆ ಉಳಿಯುತ್ತದೆ. ಕಂಪ್ಲಿಯ ಕಡೆ ಆಲೆಮನೆಯಲ್ಲಿ ಬೆಲ್ಲದ ಅಚ್ಚು ನೋಡಿದ ದಿನ, ಜಪಾನಿನ ದಕ್ಷಿಣದ ದ್ವೀಪಗಳಲ್ಲಿ ಕಪ್ಪು ಬೆಲ್ಲದಿಂದಲೂ ಶೋಚು ಮಾಡುತ್ತಾರೆ ಎಂದು ಹೇಳಿ ಒಂದು ಅಚ್ಚು ಕೊಂಡಿದ್ದರು.

ಹಸಿರು ಬಾಟಲಿಯ ಸೋಜು ಸಿಹಿಯಾಗಿತ್ತು, ಗಂಟಲಲ್ಲಿ ಜಾರಿಹೋಯಿತು, ನೆನಪಿಡುವಂಥದ್ದೇನನ್ನೂ ಹೇಳಲಿಲ್ಲ. ಹಾಗೆಂದದ್ದಕ್ಕೆ ಹುಡುಗ ನನ್ನ ಪಕ್ಷವನ್ನೇ ವಹಿಸಿದ. ಇದು ದಿನನಿತ್ಯದ್ದು, ಮದ್ಯಸಾರಕ್ಕೆ ನೀರು, ಸಿಹಿ ಬೆರೆಸಿದ್ದು. ನಿಜವಾದ ಸೋಜು ಬೇರೆ ಇದೆ, ನಮ್ಮಪ್ಪನ ಊರಿನದು ಎಂದ. ಗೋಧಿಯನ್ನು ಕುಟ್ಟಿ, ಬಿಲ್ಲೆ ಕಟ್ಟಿ, ಗಾಳಿಯಲ್ಲಿ ಇರುವ ಬೂಷ್ಟು ತಾನಾಗಿ ಹತ್ತುವವರೆಗೆ ಇಟ್ಟು, ಅದನ್ನು ಬೆಂದ ಅಕ್ಕಿಗೆ ಕಲೆಸುತ್ತಾರಂತೆ. ಆ ಬಿಲ್ಲೆಗೆ ನುರುಕ್ ಎಂದು ಹೆಸರು. ಇಳಿಸುವುದು ಮಣ್ಣಿನ ಗಡಿಗೆಗಳಲ್ಲಿ. ಶೋಚುವಿಗಿಂತ ಅದು ಎಷ್ಟೋ ಖಡಕ್ಕು, ನೀರು ಹಾಕದೆ ಪುಟ್ಟ ಬಟ್ಟಲಲ್ಲಿ ಗುಟುಕರಿಸಬೇಕು, ಎದೆಯವರೆಗೆ ಸುಟ್ಟುಕೊಂಡು ಹೋಗಿ ಆಮೇಲೆ ಮಣ್ಣಿನ ವಾಸನೆ ಬರುತ್ತದೆ ಎಂದು ವರ್ಣಿಸಿದ. ಸಾಹೇಬರು ತಮ್ಮದೇ ಮೃದು, ತಮ್ಮದೇ ಸೊಗಸು ಎಂದರು. ಇಬ್ಬರು ಹೆಂಗಸರು ಯಾರ ರೊಟ್ಟಿ ತೆಳ್ಳಗೆ ಎಂದು ವಾದ ಮಾಡಿದ ಹಾಗೆಯೇ ಇತ್ತು.

ಹುಡುಗನ ಕಡೆ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವಂತಿಲ್ಲ. ಹಿರಿಯರು ಸುರಿದರೆ ಎರಡು ಕೈ ಒಡ್ಡಬೇಕು, ಕುಡಿಯುವಾಗ ಅವರ ಕಡೆಯಿಂದ ಮುಖ ತಿರುಗಿಸಬೇಕು. ಅವನು ತಿರುಗಿಸಿದ. ನಮ್ಮವರೂ ತಿರುಗಿಸಿದರು, ಅದು ನನಗೆ ಹೆದರಿ. ನಗು ಮುಗಿದ ಮೇಲೆ ಹುಡುಗ ಇನ್ನೊಂದು ಮಾತು ಹೇಳಿದ. ಅವನ ಮುತ್ತಜ್ಜಿ ಮನೆಯಲ್ಲೇ ಸೋಜು ಇಳಿಸುತ್ತಿದ್ದಳಂತೆ. ಜಪಾನಿನವರು ಆಳುವಾಗ ಮನೆಯಲ್ಲಿ ಮದ್ಯ ಮಾಡಬಾರದೆಂದು ಕಾಯಿದೆ ತಂದು, ಅವಳ ಗಡಿಗೆಗಳನ್ನು ಅಂಗಳದಲ್ಲೇ ಒಡೆದರಂತೆ. ಅಪ್ಪ ಆ ಕತೆಯನ್ನು ಹಬ್ಬಕ್ಕೊಮ್ಮೆ ಹೇಳುತ್ತಿದ್ದ ಎಂದ. ಸಾಹೇಬರು ಲೋಟ ಕೆಳಗಿಟ್ಟು ಪೂರ್ತಿ ಕೇಳಿದರು. ಕಡೆಗೆ ಹುಡುಗನ ಬಟ್ಟಲಿಗೆ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಸುರಿದರು. ಹಿರಿಯರು ಎರಡು ಕೈ ಹಚ್ಚಬೇಕಾಗಿಲ್ಲ ಎಂಬುದನ್ನು ಅದಾಗಲೇ ಕಲಿತಿದ್ದ ನನಗೆ ಅದು ಏನೆಂದು ತಿಳಿಯಿತು.

ಅತ್ತೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಹಡಿ ಗುಡಿಸಿ ಒರೆಸುವ ಹಟ. ಬಾಡಿಗೆದಾರರು ಬೇಡವೆಂದರೂ ಕೇಳುವವರಲ್ಲ. ಮಳೆಗಾಲ ಮುಗಿಯುತ್ತಿದ್ದ ಒಂದು ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು, ಪಕ್ಕದಲ್ಲಿ ಮೋಟು ಕುತ್ತಿಗೆಯ ಬಿಳಿ ಪಿಂಗಾಣಿ ಬಾಟಲಿ. ಹುಡುಗನ ಕಪಾಟಿನಲ್ಲಿ ಬಟ್ಟೆಗಳ ಹಿಂದೆ, ಮರದ ಪೆಟ್ಟಿಗೆಯೊಳಗೆ, ಬಿಳಿ ಬಟ್ಟೆ ಸುತ್ತಿ ಇಟ್ಟದ್ದು ಸಿಕ್ಕಿತ್ತಂತೆ. ಮುಚ್ಚಳ ತೆಗೆದು ಮೂಸಿದ್ದಾರೆ, ಇಡೀ ಬಾಟಲಿಯನ್ನು ಹಿತ್ತಲ ನುಗ್ಗೆಗಿಡದ ಬುಡಕ್ಕೆ ಸುರಿದಿದ್ದಾರೆ.

ಸಂಜೆ ಹುಡುಗ ನಮ್ಮವರ ಜೊತೆ ಬಂದ. ಅತ್ತೆ ಬಾಟಲಿಯನ್ನು ಅವನ ಮುಂದೆ ಹಿಡಿದು, "ಏನ್ ಹೇಳಿದ್ದೆ ತಮ್ಮಾ? ನಿನ್ನ ಭಾಳ ನಂಬಿದ್ದೆ," ಎಂದರು. ಅವನು ಸಿಟ್ಟಾಗಲಿಲ್ಲ. ಬಾಟಲಿ ತೆಗೆದುಕೊಂಡು ಬೋರಲು ಹಾಕಿದ, ಒಂದು ಹನಿಯೂ ಬೀಳಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ನಮ್ಮವರಿಗೆ ಮೆಲ್ಲಗೆ ಏನೋ ಹೇಳಿದ. ನಮ್ಮವರು ಅತ್ತೆಯ ಕಡೆ ನೋಡಿ, ಹೇಳಲೋ ಬೇಡವೋ ಎಂಬಂತೆ ತಡೆದು, ಹೇಳಿದರು.

"ಯವ್ವಾ, ನಾಳೆ ಅವರಪ್ಪ ತೀರಿಕೊಂಡು ಒಂದು ವರ್ಷ. ಅವರ ಕಡೀನೂ ಎಡಿ ಇಡ್ತಾರಂತ. ಒಬ್ಬನೇ ಮಗ. ಕುಲುಮಿ ಹಚ್ಚೋ ದಿನ ಹತ್ರ ಬಂತಂತ ಊರಿಗೆ ಹೋಗಾಕ ಆಗಿಲ್ಲ. ಇದು ಅವರಪ್ಪನ ಊರಿಂದು, ಎಡಿಗಿ ಇಡಾಕ ಅವರವ್ವ ಕಳಿಸಿದ್ದು. ಗೊಬ್ಬರದ ಚೀಲದ ಮಗ್ಗಲಿಗೆ ಇಡಾಕ ಮನಸ್ಸು ಬರಲಿಲ್ಲಂತ, ಅದಕ್ಕ ಮ್ಯಾಲೆ ಇಟ್ಟಿದ್ದ."

ಗೊಬ್ಬರದ ಚೀಲದ ಗುಟ್ಟು ರಟ್ಟಾದದ್ದನ್ನು ಅತ್ತೆ ಗಮನಿಸಲೂ ಇಲ್ಲ. ಬೇರೆ ಯಾವ ಮನೆಯ ಹೆಂಗಸಾದರೂ, ಗೊತ್ತಿಲ್ಲದೆ ಆಯಿತು ಬಿಡಪ್ಪ ಎನ್ನುತ್ತಿದ್ದಳೇನೋ. ಆದರೆ ಎಡೆ ಎಂದರೆ ಏನು ಎಂದು ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಸತ್ತೋರ ಪಾಲು ಚೆಲ್ಲಿದೆನಲ್ಲೋ," ಎಂದಷ್ಟೇ ಹೇಳಿ ಒಳಗೆ ಹೋದರು. ಆ ದಿನ ಅವರು ಊಟ ಮಾಡಲಿಲ್ಲ.

ಬೆಳಿಗ್ಗೆ ಎದ್ದವರೇ ಮಗನಿಗೆ ಅಪ್ಪಣೆ ಕೊಟ್ಟರು. "ಕೆಲಸಕ್ಕ ರಜಾ ಹಾಕು. ಎಲ್ಲಿ ಸಿಗತೈತೋ ಅಲ್ಲಿಂದ ಅದನ್ನ ತಗೊಂಡು ಬಾ. ಸಂಜೀ ಒಳಗ." ಬಾಟಲಿ ಕಂಡರೆ ಕೆಂಡವಾಗುತ್ತಿದ್ದ ತಾಯಿ ಹೀಗೆ ಮಗನನ್ನು ವೈನ್ ಶಾಪಿಗೆ ಅಟ್ಟಿದ್ದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮವರು ಹೊಸಪೇಟೆಯ ಅಂಗಡಿಗಳನ್ನೆಲ್ಲ ಅಲೆದರು, ಹಂಪಿ ಕಡೆಯ ರೆಸಾರ್ಟುಗಳಿಗೆ ಫೋನು ಮಾಡಿದರು. ಎಲ್ಲರ ಹತ್ತಿರವೂ ವಿಸ್ಕಿ, ವೋಡ್ಕಾ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಹಸಿರು ಬಾಟಲಿ ಇತ್ತು, ಅದು ಬಂದು ಮುಟ್ಟುವುದು ಮಾರನೆಯ ದಿನ.

ಇತ್ತ ಅತ್ತೆ, ಅಂದು ಒಂದು ದಿನದ ಮಟ್ಟಿಗೆ ರಜೆ ಹಾಕಿದ್ದ ಹುಡುಗನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ವಿಚಾರಣೆ ನಡೆಸಿದ್ದರು. ನಾನು ಶಾಲೆಗೆ ರಜೆ ಹಾಕಿ ನಡುವೆ ದುಭಾಷಿಯಾಗಿ ಕೂತೆ. ನಿಮ್ಮಪ್ಪನಿಗೆ ಏನು ಸೇರುತ್ತಿತ್ತು? ಮೀನು, ಪೇರು ಹಣ್ಣು, ಅನ್ನ. ಎಡೆಯ ಅಡುಗೆಗೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಬಾರದು. "ಖಾರ ಇಲ್ಲದ ಮೀನು ಹೆಂಗ ಉಣ್ತಾನವ್ವ ಮನಷ್ಯ," ಎಂದು ಗೊಣಗಿದರೂ ಡ್ಯಾಮಿನ ಮೀನಿಗೆ ಬರಿ ಉಪ್ಪು ಸವರಿ ಹುರಿದರು. ಅಪ್ಪನ ಫೋಟೋ ಫೋನಿನಲ್ಲಿ ಮಾತ್ರ ಇದೆ ಎಂದಾಗ, ಅದಕ್ಕೆ ಹೂವು ಎಲ್ಲಿ ಹಾಕಲಿ ಎಂದು ನನ್ನನ್ನು ಸ್ಟುಡಿಯೋಗೆ ಓಡಿಸಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿದರು. ಸೋಜು ಹೇಗೆ ಇಳಿಸುತ್ತಾರೆಂದೂ ಕೇಳಿದರು. ಹುಡುಗ ಒಂದರ ಮೇಲೊಂದು ಕೂತ ಮಣ್ಣಿನ ಗಡಿಗೆಗಳ ಚಿತ್ರ ತೋರಿಸಿದ. ಮೇಲಿನದರಲ್ಲಿ ತಣ್ಣೀರು, ಬದಿಯಲ್ಲೊಂದು ಕೊಳವೆ. ಅತ್ತೆ ಫೋನನ್ನು ಕಣ್ಣ ಹತ್ತಿರ ಹಿಡಿದು, "ಇದು ಕಂಪ್ಲ್ಯಾಗ ನಮ್ಮ ಸೋದರತ್ತಿ ಇಟ್ಟಿದ್ದ ಭಟ್ಟಿ ಇದ್ದಂಗ ಐತಲ್ಲ. ಆಕಿ ಬೆಲ್ಲ, ಜಾಲಿ ಚಕ್ಕಿ ಹಾಕ್ತಿದ್ಲು. ಪೊಲೀಸ್ರು ಬಂದು ಗಡಿಗಿ ಒಡದಿದ್ರು," ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಹುಡುಗ ಅತ್ತೆಯ ಕೈ ಹಿಡಿದುಕೊಂಡ.

ನಮ್ಮವರು ಬರಿಗೈಯಲ್ಲಿ ಬಂದರು. ಅದೇ ಹೊತ್ತಿಗೆ ಸಾಹೇಬರೂ ಬಂದರು. ಅವರು ಕಾರ್ಖಾನೆಯಿಂದ ನೇರ ಬುಕ್ಕಸಾಗರಕ್ಕೆ ಹೋಗಿ, ಶೆಡ್ಡಿನಲ್ಲಿ ಉಳಿದಿದ್ದ ತಮ್ಮ ಕಡೆಯ ಶೋಚುವನ್ನು, ಇನ್ನೂ ಮುಚ್ಚಳ ತೆಗೆಯದ್ದನ್ನು, ತಂದಿದ್ದರು. ಹೊಸಿಲಾಚೆ ನಿಂತು, ಅತ್ತೆಯ ಅನುಮತಿಗೆ ಕಾದರು. ಅತ್ತೆ, "ಒಳಗ ಬರ್ರಿ ಸಾಹೇಬ್ರ," ಎಂದರು. ಬಾಟಲಿಯೊಂದು ನಮ್ಮ ಮನೆಯ ಹೊಸಿಲನ್ನು ಎಲ್ಲರ ಕಣ್ಣೆದುರು ದಾಟಿತು.

ಹುಡುಗ ಬಗ್ಗಿ ನಮಸ್ಕರಿಸಿದ, ಆದರೆ ಬಾಟಲಿ ಮುಟ್ಟಲಿಲ್ಲ. ಅವನಿಗೆ ಸಾಹೇಬರ ಮೇಲೆ ಗೌರವ ಇತ್ತು, ಪ್ರೀತಿಯೂ ಇತ್ತು. ಆದರೆ ಗಡಿಗೆ ಒಡೆದವರ ಕತೆ ಹೇಳುತ್ತಿದ್ದ ಅಪ್ಪನ ಮುಂದೆ ಜಪಾನಿನ ಮದ್ಯ ಹೇಗೆ ಇಡುವುದು? ಸಾಹೇಬರಿಗೂ ಅದು ಗೊತ್ತಿತ್ತು, ತಲೆ ತಗ್ಗಿಸಿ ನಿಂತಿದ್ದರು. ಕಡೆಗೆ ಹುಡುಗ, ಪರವಾಗಿಲ್ಲ, ಈ ಸಲ ಶುದ್ಧವಾದ ನೀರು ಇಡುತ್ತೇನೆ ಎಂದ. ಅದನ್ನೂ, ಮುತ್ತಜ್ಜಿಯ ಗಡಿಗೆ ಒಡೆದವರ ಕತೆಯನ್ನೂ ನಾನು ಅತ್ತೆಗೆ ಹೇಳಿದೆ.

"ನೀರಾ?" ಎಂದರು ಅತ್ತೆ. "ಒಂದು ವರ್ಷ ಆದಮ್ಯಾಲೆ, ಮಗ ಎಲ್ಲಿ ಅದಾನಂತ ಹುಡುಕ್ಕೊಂಡು ಸಮುದ್ರ ದಾಟಿ ಬರ್ತಾನ ಆತ. ನೀರು ಕುಡಿಯಾಕ ಬರ್ತಾನೇನು?"

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳುವಾಗ ನಮ್ಮವರು ಮೂಲೆಯ ಗೋಡೆಯಲ್ಲಿದ್ದ ಮಾವನ ಫೋಟೋವನ್ನೇ ನೋಡುತ್ತಿದ್ದರು. ಅತ್ತೆ ಯಾರನ್ನೂ ನೋಡಲಿಲ್ಲ. ಸಾಹೇಬರ ಕಡೆ ತಿರುಗಿ, "ಇದನ್ನ ಯಾತರಲೆ ಮಾಡ್ಯಾರ ಕೇಳು," ಎಂದರು. ಅಕ್ಕಿಯಿಂದ. "ನಾ ಚೆಲ್ಲಿದ್ದು?" ಅದೂ ಅಕ್ಕಿಯೇ. "ಹಂಗಾದ್ರ ಉಣ್ಣಾಕ ಅನ್ನ ಐತಿ, ಕುಡಿಯಾಕ ಅಕ್ಕೀದ ಐತಿ. ಕೊಟ್ಟೋರ ಕೈ ಯಾವುದಂತ ನಿಮ್ಮಪ್ಪಗ ನಾ ಹೇಳ್ತೀನಿ."

ಹುಡುಗ ಅಪ್ಪನ ಫೋಟೋ ಕಡೆ ನೋಡಿದ. ಆಮೇಲೆ ಆ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಎಡೆ ಸಿದ್ಧವಾಯಿತು. ಹುಡುಗನ ಅಪ್ಪನ ಫೋಟೋದ ಹಣೆಗೆ ಅತ್ತೆ ಕುಂಕುಮ ಹಚ್ಚಿದ್ದರು, ಸೇವಂತಿಗೆ ಹಾರ ಹಾಕಿದ್ದರು. ಹುಡುಗನ ಕಡೆ ಸತ್ತವರ ಮುಂದೆ ಕೆಂಪು ಬಣ್ಣ ಸಲ್ಲದಂತೆ. ಹುಡುಗ ಅದನ್ನು ಅಳಿಸದೆ ಬಿಟ್ಟ. ಅವರ ಪದ್ಧತಿಯಂತೆ ಅನ್ನದಲ್ಲಿ ಚಮಚ ನೆಟ್ಟ. ಎರಡೂ ಕೈಯಲ್ಲಿ ಬಾಟಲಿ ಹಿಡಿದು ಬಟ್ಟಲಿಗೆ ಶೋಚು ತುಂಬಿ, ಊದುಬತ್ತಿಯ ಹೊಗೆಯ ಮೇಲೆ ಸುತ್ತಿಸಿ ಇಟ್ಟು, ಹಣೆ ನೆಲಕ್ಕೆ ಹಚ್ಚಿ ನಮಸ್ಕಾರ ಮಾಡಿದ. ಅವನ ಹಿಂದೆ ಸಾಹೇಬರೂ ಮಂಡಿಯೂರಿದರು, ಹುಡುಗನಿಗಿಂತ ಹೆಚ್ಚು ಹೊತ್ತು ತಲೆ ಎತ್ತಲಿಲ್ಲ. ಅತ್ತೆ ಕೊಟ್ಟ ಮಾತಿನಂತೆ ಫೋಟೋದ ಹತ್ತಿರ ಹೋಗಿ ಕಿವಿಯಲ್ಲಿ ಹೇಳುವ ಹಾಗೆ ಏನೋ ಹೇಳಿದರು. ಏನೆಂದು ನಾವು ಕೇಳಲಿಲ್ಲ.

ಎಡೆಯ ಮದ್ಯವನ್ನು ಆಮೇಲೆ ಮನೆಯವರೆಲ್ಲ ಹಂಚಿಕೊಳ್ಳಬೇಕು, ಬೇಡ ಎನ್ನಬಾರದು ಎಂದು ಹುಡುಗ ಅಂಜುತ್ತಲೇ ತಿಳಿಸಿದ. ಅತ್ತೆ ತೀರ್ಥಕ್ಕೆ ಒಡ್ಡುವಂತೆ ಬಲಗೈ ಒಡ್ಡಿದರು. ಅವನು ಎರಡು ಹನಿ ಬಿಟ್ಟ. ಅದನ್ನು ಕಣ್ಣಿಗೆ ಒತ್ತಿಕೊಂಡು ತಲೆಗೆ ಸವರಿಕೊಂಡರು. ಉಳಿದವರೆಲ್ಲ ಕುಡಿದರು, ಅತ್ತೆಯ ಎದುರೇ ನಾನೂ ಕುಡಿದೆ. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ಕುಡಿದಿಲ್ಲ.

ಸೋಜು ಮೇಲೋ ಶೋಚು ಮೇಲೋ ಎಂದು ಈಗಲೂ ನಮ್ಮವರು ಕೆಣಕುತ್ತಾರೆ. ನಿಜವಾದ ಸೋಜುವನ್ನು ಕುಡಿದದ್ದು ನಮ್ಮ ನುಗ್ಗೆಗಿಡ ಒಂದೇ, ಅದನ್ನೇ ಕೇಳಿ ಅನ್ನುತ್ತೇನೆ. ಕುಲುಮೆ ಹತ್ತಿತು, ಕೆಲಸ ಮುಗಿಯಿತು, ಇಬ್ಬರೂ ಅವರವರ ಊರಿಗೆ ಹೋದರು. ಹೋಗುವಾಗ ಅತ್ತೆಯ ಕಾಲು ಮುಟ್ಟಿದರು. ಅವರ ಬಾಡಿಗೆಯಲ್ಲಿ ನಾವು ಏನು ಮಾಡಿಸಿಕೊಂಡೆವೋ ನೆನಪಿಲ್ಲ. ಅವರು ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ, ಅದನ್ನು ನಾನು ನೆನೆಯದ ದಿನವಿಲ್ಲ.

ಅವರು ಹೋದ ಮೇಲೆ ಬಂದ ಹಿರಿಯರ ಹಬ್ಬದ ದಿನ ನಾನು ಎಂದಿನಂತೆ ಸ್ಟೀಲಿನ ಲೋಟಕ್ಕೆ ನೀರು ತುಂಬಿ ಮಾವನ ಎಲೆಯ ಪಕ್ಕ ಇಡಲು ಹೋದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತುಳಸಿಗೆ ಹಾಕಿ ಬಂದರು. ತಮ್ಮ ಟ್ರಂಕು ತೆರೆದು, ಸೀರೆಗಳ ಅಡಿಯಿಂದ ಬಿಳಿ ಬಟ್ಟೆ ಸುತ್ತಿದ ಬಾಟಲಿ ತೆಗೆದರು. ಹುಡುಗನ ಎಡೆಗೆ ಬಳಸಿ ಉಳಿದ ಶೋಚು. ಸಾಹೇಬರು ಅದನ್ನು ಅವರ ಕೈಯಲ್ಲೇ ಕೊಟ್ಟು ಹೋಗಿದ್ದರೆಂದು ಅವತ್ತೇ ನಮಗೆ ತಿಳಿದದ್ದು. ಲೋಟವನ್ನು ಒರೆಸಿ, ಹುಡುಗ ಮಾಡಿದಂತೆಯೇ ಎರಡೂ ಕೈಯಲ್ಲಿ ಬಾಟಲಿ ಹಿಡಿದು ಸುರಿದರು. ಕುಕ್ಕಲಿಲ್ಲ, ಸದ್ದಾಗದಂತೆ ಇಟ್ಟರು. ನನ್ನ ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಚಿಕ್ಕ ಹುಡುಗನ ಹಾಗೆ ಅಳುತ್ತಿದ್ದರು.

ಅತ್ತೆ ಫೋಟೋದ ಮುಂದೆ ಸೆರಗು ಸರಿಮಾಡಿಕೊಂಡರು.

"ಇದೊಂದ ನೋಡ್ರಿ," ಎಂದರು. "ಮತ್ತ ಕೇಳಬ್ಯಾಡ್ರಿ. ಬೇಕಾದ್ರ ನಗ್ರಿ."

ಆಮೇಲೆ ನಾವೆಲ್ಲ ಬಾಗಿಲು ಎಳೆದುಕೊಂಡು ಹೊರಗೆ ಕೂತೆವು.